ಹಳೆಯ ಟ್ರ್ಯಾಕ್ಟರ್ ಯಾರಿಗೂ ಬೇಡವಾದ ವಾರ

"ಅದೊಂದು ಬಿಟ್ಟು ಬೇರೆ ಯಾವುದಾದ್ರೂ ಕೊಡಿ ಮೇಡಂ."

ಆ ಫೆಬ್ರವರಿಯಲ್ಲಿ ನನ್ನ ಬೆಳಗುಗಳು ಶುರುವಾಗುತ್ತಿದ್ದದ್ದೇ ಈ ಮಾತಿನಿಂದ. ನಾನು ಆಫೀಸಿನ ಬೀಗ ತೆಗೆಯುವಷ್ಟರಲ್ಲಿ ಇಬ್ಬರು ಟ್ರ್ಯಾಕ್ಟರ್ ಡ್ರೈವರುಗಳಲ್ಲಿ ಒಬ್ಬರಾದರೂ ಮೆಟ್ಟಿಲ ಮೇಲೆ ನಿಂತಿರುತ್ತಿದ್ದರು. ಹೇಳುವವರು ಬೇರೆ, ಮಾತು ಒಂದೇ. 'ಅದು' ಎಂದರೆ ಹಳೆಯ ಟ್ರ್ಯಾಕ್ಟರ್.

ಶ್ರೀಮಂಗಲದ ಹತ್ತಿರದ ಆ ಕಾಫಿ ಎಸ್ಟೇಟಿನಲ್ಲಿ ಅದು ಮ್ಯಾನೇಜರಾಗಿ ನನ್ನ ಎರಡನೆಯ ಬೇಸಿಗೆ. ಎಸ್ಟೇಟಿನಲ್ಲಿದ್ದ ಗಾಡಿಗಳು ಮೂರು. ಓನರ್ ಅವರ ಗಂಡ ಬದುಕಿದ್ದಾಗ ಕೊಂಡಿದ್ದ ದೊಡ್ಡ ಹಳೆಯ ಟ್ರ್ಯಾಕ್ಟರ್ ಒಂದು. ಆ ವರ್ಷ ಕಾಫಿ ಹಣ್ಣಿನ ಪಿಕಿಂಗ್ ಶುರುವಾಗುವ ಮೊದಲು ತಂದ ಸಣ್ಣ ಹೊಸ ಟ್ರ್ಯಾಕ್ಟರ್ ಇನ್ನೊಂದು. ಅದಕ್ಕೆ ಪವರ್ ಸ್ಟೇರಿಂಗ್ ಇತ್ತು, ತಲೆಯ ಮೇಲೆ ಮಾಡು ಇತ್ತು, ಕಾಫಿ ಸಾಲುಗಳ ನಡುವೆ ಒಂದು ಕೊಂಬೆಗೂ ತಾಗದಂತೆ ನುಗ್ಗುತ್ತಿತ್ತು. ಮೂರನೆಯದು ಜೀಪ್.

ಡ್ರೈವರುಗಳೂ ಮೂವರೇ. ಹಿರಿಯ ಡ್ರೈವರ್ ಮಾಕುಟ್ಟದ ಆಚೆ ಕೇರಳದಿಂದ ಬಂದು ಇಲ್ಲೇ ನೆಲೆಯಾದವರು. ಎಲ್ಲರೂ ಅವರನ್ನು ಅವರ ಮಲಯಾಳದಲ್ಲೇ ಚೇಟ, ಅಣ್ಣ, ಎಂದು ಕರೆಯುತ್ತಿದ್ದರು. ಕಿರಿಯ ಡ್ರೈವರ್ ಹುಣಸೂರು ಕಡೆಯವನು, ಪಿಕಿಂಗ್ ಸಮಯಕ್ಕೆ ಸೇರಿಕೊಂಡವನು. ಜೀಪ್ ಓಡಿಸುವ ಭಾಯ್ ಗೋಣಿಕೊಪ್ಪಲಿನವರು. ಅವರು ಟ್ರ್ಯಾಕ್ಟರ್ ಸೀಟಿನ ಮೇಲೆ ಕೂತದ್ದನ್ನು ಯಾರೂ ಕಂಡವರಿಲ್ಲ.

"ನಂದು ಜೀಪು ಮೇಡಂ. ಟ್ರ್ಯಾಕ್ಟರ್ ಲೈನೇ ಬೇರೆ, ನಂದು ಲೈನೇ ಬೇರೆ" ಎಂದು ಅವರು ಮೊದಲ ವಾರವೇ ನನಗೆ ತಿಳಿಸಿದ್ದರು.

ಇನ್ನುಳಿದ ಇಬ್ಬರಿಗೂ ಹೊಸ ಟ್ರ್ಯಾಕ್ಟರೇ ಬೇಕು. ಯಾಕೆ ಇಷ್ಟು ಹಟ ಎಂದು ಒಂದು ದಿನ ಕಿರಿಯವನನ್ನು ಕೂರಿಸಿಕೊಂಡು ಕೇಳಿದೆ.

"ಅಮ್ಮಾವ್ರು ನನ್ನ ಸೇರಿಸ್ಕೊಳ್ಳೋವಾಗ್ಲೇ ಹೇಳವ್ರೆ ಮೇಡಂ, ಹೊಸ ಗಾಡಿ ನಿಂದೇ ಅಂತ. ಇಲ್ಲಾಂದ್ರೆ ನಾನ್ಯಾಕ್ ಊರ್ ಬಿಟ್ಟು ಬತ್ತಿದ್ದೆ?"

ಚೇಟನನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು. ಗಾಡಿ ಇಳಿಸಿದ ದಿನ ಅಮ್ಮ ಇವರ ಕೈಯಲ್ಲೇ ಪೂಜೆ ಮಾಡಿಸಿ, "ಇನ್ನು ಇದು ನಿನಗೆ" ಎಂದಿದ್ದರಂತೆ. ನಾನು ಬಂಗಲೆಗೆ ಹೋದೆ. ಓನರ್ ಆಂಟಿ ಜಗಲಿಯಲ್ಲಿ ಕೂತು ಒಳ್ಳೆಮೆಣಸು ಆರಿಸುತ್ತಿದ್ದರು.

"ನಾನು ಹಾಗೆ ಹೇಳಿರಬಹುದು" ಎಂದರು ಅವರು, ಮೊರದಿಂದ ಕಣ್ಣೆತ್ತದೆ.

"ಯಾರಿಗೆ ಆಂಟಿ?"

"ಇಬ್ಬರಿಗೂ ಹೇಳಿರಬಹುದು. ಆ ಹೊತ್ತಿಗೆ ಕೆಲಸ ಆಗಬೇಕಿತ್ತು ನೋಡು. ಈಗ ನೀನು ಮ್ಯಾನೇಜರ್ ಉಂಟಲ್ಲ, ಏನಾದ್ರೂ ಮಾಡು."

ನಾನು ಮಾಡಿದ್ದು ಪಾಳಿ. ಒಂದು ವಾರ ಇವರಿಗೆ ಹೊಸದು, ಮುಂದಿನ ವಾರ ಅವನಿಗೆ. ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಗಾಡಿ ಕೈ ಬದಲಾದ ಪ್ರತಿ ಸೋಮವಾರವೂ ಶೆಡ್ಡಿನ ಮುಂದೆ ಪಂಚಾಯಿತಿ ಸೇರತೊಡಗಿತು. ಸೀಟು ಹಿಂದೆ ಸರಿಸಿದ್ದು ಯಾರು, ಮಡ್‌ಗಾರ್ಡಿನ ಗೀಚು ಯಾರ ವಾರದ್ದು, ಗ್ರೀಸ್ ಹೊಡೆಯದೆ ಬಿಟ್ಟದ್ದು ಯಾರು. ಒಬ್ಬ ಹಾಕಿಸಿದ ಸೀಟ್ ಕವರನ್ನು ಇನ್ನೊಬ್ಬ ಬಿಚ್ಚಿ ಮೂಲೆಗೆ ಎಸೆಯುತ್ತಿದ್ದ. ಆದರೂ ಪಿಕಿಂಗ್ ಮುಗಿಯುವ ತನಕ ಕೆಲಸ ನಿಲ್ಲಲಿಲ್ಲ. ಗೊಣಗುತ್ತಲೇ ಹಣ್ಣಿನ ಮೂಟೆಗಳನ್ನು ತೋಟದಿಂದ ಕಣಕ್ಕೆ ಸಾಗಿಸಿದರು. ನನಗೆ ಅಷ್ಟೇ ಬೇಕಿತ್ತು.

ಪರಿಸ್ಥಿತಿ ಕೆಟ್ಟದ್ದು ಕಣದ ಕೆಲಸ ಮುಗಿದು, ಶೆಡ್ಡಿನ ಹಿಂದಿನಿಂದ ನೀರಿನ ಪಂಪನ್ನು ಹೊರಗೆ ಎಳೆಸಿದ ಮೇಲೆ.

ರೋಬಸ್ಟಾ ಕಾಫಿಗೆ ಈ ಕಾಲದಲ್ಲಿ ಹೂಮಳೆ ಬೇಕು. ಗಂಟುಗಂಟಿನಲ್ಲಿ ಮೊಗ್ಗು ಕಟ್ಟಿಕೊಂಡು ಗಿಡ ಸುಮ್ಮನೆ ಕಾಯುತ್ತಿರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಮಳೆ ಬಾರದಿದ್ದರೆ ನಾವೇ ಸ್ಪ್ರಿಂಕ್ಲರ್ ಹೊಡೆಯಬೇಕು. ಹಿಂದಿನ ವರ್ಷ ಮಳೆ ಸರಿಯಾದ ಹೊತ್ತಿಗೆ ಸುರಿದು ನಮಗೆ ಆ ಕೆಲಸವೇ ಬಂದಿರಲಿಲ್ಲ. ಈ ವರ್ಷ ಆಕಾಶದಲ್ಲಿ ಮೋಡದ ಸುಳಿವಿಲ್ಲ.

ಕೆಳಗಿನ ತೋಟಕ್ಕೆ ತೊಂದರೆ ಇರಲಿಲ್ಲ. ದೊಡ್ಡ ಕೆರೆಯ ಬದಿಯಲ್ಲಿ ಡೀಸೆಲ್ ಎಂಜಿನ್ ಇತ್ತು. ಮೇಲಿನ ತೋಟಕ್ಕೆ ನೀರು ಬರಬೇಕಾದದ್ದು ಗುಡ್ಡದ ಮಡಿಲಿನ ಸಣ್ಣ ಕೆರೆಯಿಂದ. ಅಲ್ಲಿ ಎಂಜಿನ್ ಇಲ್ಲ. ಎರಡು ಚಕ್ರದ ಚೌಕಟ್ಟಿನ ಮೇಲೆ ಕೂರಿಸಿದ ಪಂಪನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು, ಇಳಿಜಾರಿನಲ್ಲಿ ಹಿಮ್ಮುಖವಾಗಿ ನೀರಿನ ಅಂಚಿನ ತನಕ ಇಳಿಸಿ, ಟ್ರ್ಯಾಕ್ಟರಿನ ಎಂಜಿನ್ನಿಂದಲೇ ಪಂಪನ್ನು ತಿರುಗಿಸಬೇಕು. ಹೊಸ ಟ್ರ್ಯಾಕ್ಟರಿಗೆ ಆ ಪಂಪನ್ನು ತಿರುಗಿಸುವ ಶಕ್ತಿ ಇಲ್ಲ. ಹಳೆಯದೇ ಆಗಬೇಕು.

ಪಂಪ್ ಹೊರಗೆ ಬಂದ ದಿನದಿಂದ ಚೇಟ ಹಳೆಯ ಟ್ರ್ಯಾಕ್ಟರನ್ನು ಹತ್ತಲಿಲ್ಲ. ಒಂದು ದಿನ ಕ್ಲಚ್ಚು ಭಾರ ಎಂದರು. ಮರುದಿನ ಸೀಟಿನ ಸ್ಪ್ರಿಂಗ್ ಬೆನ್ನಿಗೆ ಆಗುವುದಿಲ್ಲ ಎಂದರು. ಆಮೇಲೆ ಹೊಗೆ. ಶ್ರೀಮಂಗಲದಿಂದ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಬಾನೆಟ್ ಎತ್ತಿ, ಅಡಿಗೆ ತೂರಿ, ಗಾಡಿಯನ್ನು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದ.

"ಎಂಥದೂ ಇಲ್ಲ ಮೇಡಂ. ಈ ಗಾಡಿ ಇನ್ನೊಂದು ಹತ್ತು ವರ್ಷ ಓಡ್ತದೆ."

ಚೇಟ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಮತ್ತೆ ಅದೇ ಮಾತು. "ಅದು ಬೇಡ ಮೇಡಂ."

ಕಿರಿಯವನೂ ಒಲ್ಲೆ ಎಂದ. "ಅದರ ಸ್ಟೇರಿಂಗು ಕಲ್ಲು ಮೇಡಂ, ಭುಜ ಬಿದ್ದೋಯ್ತದೆ. ಮೇಲಾಗಿ ಇಡೀ ದಿನ ಕೆರೆ ದಡದಲ್ಲಿ ನಿಂತ ಗಾಡಿ ಕಾಯೋದು ಡ್ರೈವರ್ ಕೆಲಸವಾ? ಇದು ನನ್ನ ವಾರ. ಹೊಸದು ನಂದು."

ನಾನು ದಿನ ದೂಡಿದೆ. ಮೊದಲು ಕೆಳಗಿನ ತೋಟ ಮುಗಿಯಲಿ, ಅಷ್ಟರಲ್ಲಿ ಇವರ ಹಟ ಇಳಿಯಬಹುದು ಎಂದುಕೊಂಡೆ. ನೀರು ಇನ್ನೂ ಮುಟ್ಟದ ಮೊಗ್ಗು ಕಾಯುತ್ತದೆ, ಅದಕ್ಕೆ ಅವಸರವಿಲ್ಲ ಎನ್ನುವುದೇ ನನ್ನ ಧೈರ್ಯವಾಗಿತ್ತು.

ಆ ಧೈರ್ಯ ಒಂದು ಸಂಜೆ ಹೋಯಿತು. ಬ್ರಹ್ಮಗಿರಿ ಕಡೆಯಿಂದ ಇದ್ದಕ್ಕಿದ್ದಂತೆ ಮೋಡ ಎದ್ದು ಗುಡುಗಿತು. ಲೈನ್‌ಮನೆಗಳಿಂದ ಕೆಲಸಗಾರರೆಲ್ಲ ಅಂಗಳಕ್ಕೆ ಬಂದು ಆಕಾಶ ನೋಡಿದರು. ನಾನೂ ಆಫೀಸಿನ ಮುಂದೆ ಕೈ ಚಾಚಿ ನಿಂತೆ. ನಾಲ್ಕು ದಪ್ಪ ಹನಿ ಬಿದ್ದವು, ಮಣ್ಣಿನ ವಾಸನೆ ಎದ್ದಿತು, ಒಂದಿಷ್ಟು ಹೊತ್ತು ಸುರಿದಂತೆ ಮಾಡಿ ಮಳೆ ಮುಂದೆ ಹೋಯಿತು. ನಾವು ಮಳೆಯನ್ನು ಸೆಂಟಿನಲ್ಲಿ ಅಳೆಯುತ್ತೇವೆ, ಇಂಚಿಗೆ ನೂರು ಸೆಂಟ್. ಮಳೆ ಅಳೆಯುವ ಕೊಳವೆಯಲ್ಲಿ ಇಪ್ಪತ್ತು ಸೆಂಟ್ ಕೂಡ ತುಂಬಿರಲಿಲ್ಲ.

ಬಾರದ ಮಳೆಗಿಂತ ಇಂಥ ಮಳೆ ಕೆಟ್ಟದ್ದು. ಎಲೆ ತೊಳೆಯುವಷ್ಟು ನೀರು ಬಿದ್ದರೂ ಮೊಗ್ಗು ಎಚ್ಚರವಾಗುತ್ತದೆ, ಊದಿಕೊಳ್ಳುತ್ತದೆ. ಅರಳಲು ಬೇಕಾದ ನೀರು ಬೇರಿಗೆ ಸಿಗದಿದ್ದರೆ ಕೆಂಪಾಗಿ ಮುರುಟಿ ಅಲ್ಲೇ ಒಣಗುತ್ತದೆ. ಆ ಗಂಟಿನಲ್ಲಿ ಈ ವರ್ಷಕ್ಕೆ ಮತ್ತೆ ಕಾಯಿ ಇಲ್ಲ. ಮೇಲಿನ ತೋಟಕ್ಕೆ ಕೆಲವೇ ದಿನಗಳಲ್ಲಿ ನೀರು ಬೀಳಲೇಬೇಕಾಗಿತ್ತು.

ಭಾಗಮಂಡಲ ಕಡೆಯ ನಮ್ಮ ಮನೆಯಿಂದ ಅಪ್ಪ ಫೋನ್ ಮಾಡಿ ನಮ್ಮ ಅರೆಭಾಷೆಯಲ್ಲಿ ಕೇಳಿದರು. "ಅಲ್ಲಿ ಮಳೆ ಬಾತಾ?"

"ಬಾತ್ ಅಪ್ಪ. ಸಾಕಾತ್ಲೆ."

ಸಾಕಾಗಲಿಲ್ಲ ಎಂದರೆ ಏನೆಂದು ತೋಟ ಗೊತ್ತಿದ್ದ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೆಳಿಗ್ಗೆ ಮೂವರನ್ನೂ ಒಟ್ಟಿಗೆ ಕರೆದೆ. ಪೈಪ್ ಗ್ಯಾಂಗಿನ ಮೇಸ್ತ್ರಿಯೂ ಬಂದು ಬಾಗಿಲಲ್ಲಿ ನಿಂತ. ಸುತ್ತು ಬಳಸದೆ ಹೇಳಿದೆ. "ಮೊಗ್ಗು ಎದ್ದಿದೆ. ಇವತ್ತೇ ಮೇಲಿನ ಕೆರೆಗೆ ಪಂಪ್ ಇಳೀಬೇಕು. ಹಳೆಯ ಟ್ರ್ಯಾಕ್ಟರ್ ಯಾರು ತಗೊಳ್ತೀರಿ?"

ಕಿರಿಯವನು ಚೇಟನ ಮುಖ ನೋಡಿದ. ಚೇಟ ಹೊರಗೆ ನೋಡಿದರು.

"ಸೀನಿಯರ್ ಅವ್ರು. ಅವ್ರೇ ತಗೊಳ್ಲಿ" ಎಂದ ಕಿರಿಯವನು.

"ನನಗೆ ಆಗೂದಿಲ್ಲ" ಎಂದರು ಚೇಟ. ಕಾರಣವನ್ನೂ ಹೇಳಲಿಲ್ಲ. ಎದ್ದು ಹೋದರು.

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಹಂಗೂ ಬೇಡ, ಹೊರಗಿನಿಂದ ಟ್ರ್ಯಾಕ್ಟರ್ ತರಿಸುತ್ತೇನೆ ಎಂದುಕೊಂಡು ಫೋನ್ ಹಿಡಿದೆ. ಗೋಣಿಕೊಪ್ಪಲು, ಪೊನ್ನಂಪೇಟೆ, ಕುಟ್ಟ, ಗೊತ್ತಿದ್ದವರಿಗೆಲ್ಲ ಮಾಡಿದೆ. ಎಲ್ಲರ ತೋಟದ ಮೇಲೂ ಅದೇ ಮೋಡ ಹೋಗಿತ್ತು, ಎಲ್ಲರ ಮೊಗ್ಗೂ ಎದ್ದಿತ್ತು. ಒಬ್ಬರು ನಕ್ಕೇಬಿಟ್ಟರು. "ಈ ವಾರ ಟ್ರ್ಯಾಕ್ಟರಾ? ನಾನೇ ಹುಡುಕ್ತಾ ಇದ್ದೇನೆ ಮಾರಾಯ್ತಿ."

ಆಫೀಸಿನಲ್ಲಿ ಕೂರಲಾಗಲಿಲ್ಲ. ಕೆಳಗಿನ ಎಂಜಿನ್ನಿನ ಸದ್ದು ಕೇಳುತ್ತಿದ್ದರೆ ಅದು ನಿಂತೀತೆಂಬ ಭಯ, ನಿಂತರೆ ಯಾಕೆ ನಿಂತಿತೆಂಬ ಭಯ. ಮೇಲಿನ ತೋಟಕ್ಕೆ ಹತ್ತಿ ಹೋಗಿ ಕೊಂಬೆ ಹಿಡಿದು ಮೊಗ್ಗು ನೋಡಿದೆ. ಹಸಿರು ಬಿಟ್ಟು ಬೆಳ್ಳಗಾಗತೊಡಗಿದ್ದವು. ಇಳಿದು ಬಂದೆ. ಮತ್ತೆ ಹತ್ತಿ ಹೋದೆ. ಇಬ್ಬರನ್ನೂ ಕೆಲಸದಿಂದ ತೆಗೆದುಬಿಡಲೇ ಎಂದುಕೊಂಡೆ. ತೆಗೆದರೆ ನಾಳೆ ಪೈಪ್ ಎಳೆಯುವವರು ಯಾರು? ಚೇಟನನ್ನು ಗದರಿಸಿ ಕೂರಿಸಲೇ ಎಂದುಕೊಂಡೆ. ಗದರಿಕೆಗೆ ಅಳುಕುವ ವಯಸ್ಸು ಅವರದಲ್ಲ.

ಹಾಗೆ ನಡೆಯುತ್ತಿರುವಾಗಲೇ ಒಂದು ಸಂಗತಿ ಹೊಳೆಯಿತು. ಪಿಕಿಂಗ್ ಹೊತ್ತಿನಲ್ಲಿ ಚೇಟನ ಪಾಳಿಗೆ ಹಳೆಯ ಟ್ರ್ಯಾಕ್ಟರ್ ಬಂದಾಗ ಅವರು ಒಂದು ಸಲವೂ ಬೇಡ ಎಂದಿರಲಿಲ್ಲ. ಹಣ್ಣು ತುಂಬಿದ ಟ್ರೈಲರ್ ಎಳೆದುಕೊಂಡು ಆ ತಿರುವುಗಳಲ್ಲಿ ಬೀಡಿ ಕಚ್ಚಿಕೊಂಡೇ ಬರುತ್ತಿದ್ದರು. ಆಗ ಕ್ಲಚ್ಚೂ ಭಾರವಿರಲಿಲ್ಲ, ಬೆನ್ನೂ ನೋಯಲಿಲ್ಲ. ಪಂಪ್ ಶೆಡ್ಡಿನಿಂದ ಹೊರಬಂದ ಮೇಲೆಯೇ ಗಾಡಿ ಕೆಟ್ಟದಾಯಿತು. ಹಾಗಾದರೆ ಅವರಿಗೆ ಬೇಡವಾದದ್ದು ಟ್ರ್ಯಾಕ್ಟರೋ, ಪಂಪೋ?

ಊಟದ ಹೊತ್ತು ಮುಗಿದ ಮೇಲೆ ಶೆಡ್ಡಿಗೆ ಹೋದೆ. ಚೇಟ ಖಾಲಿ ಡ್ರಮ್ಮಿನ ಮೇಲೆ ಕೂತಿದ್ದರು.

"ಚೇಟಾ, ಮೇಲಿನ ಕೆರೆಯಲ್ಲಿ ನೀರು ಎಷ್ಟುಂಟು ನೋಡಿ ಬರುವ, ಬನ್ನಿ. ಗಾಡಿ ಬೇಡ, ನಡೆದೇ ಹೋಗುವ."

ಒಂದು ಕ್ಷಣ ನನ್ನನ್ನೇ ನೋಡಿ ಎದ್ದರು. ಏರು ದಾರಿಯಲ್ಲಿ ನನಗಿಂತ ಮುಂದೆ, ಚುರುಕಾಗಿ ನಡೆದರು. ದಾರಿಗೆ ಬಿದ್ದಿದ್ದ ಒಣ ಕೊಂಬೆಗಳನ್ನು ಕಾಲಿನಿಂದ ಬದಿಗೆ ಸರಿಸುತ್ತ ಹೋದರು. ಕೆರೆಯ ಏರಿಯ ಮೇಲೆ ಬಂದೆವು. ಅಲ್ಲಿಂದ ಕೆಂಪು ಮಣ್ಣಿನ ದಾರಿಯೊಂದು ನೀರಿನ ತನಕ ಇಳಿಯುತ್ತದೆ. ಒಂದು ಬದಿ ಕಡಿದ ದರೆ, ಇನ್ನೊಂದು ಬದಿ ನೀರು. ಟ್ರ್ಯಾಕ್ಟರ್ ಇಳಿಸಲೆಂದೇ ಮಾಡಿದ್ದ ಇಳಿಜಾರು ಅದು. ಎರಡು ಮಳೆಗಾಲದ ನೀರು ಹರಿದು ನಡುವೆ ಕೊರಕಲು ಬಿದ್ದಿತ್ತು.

ನಾನು ಇಳಿದು ನೀರಿನ ಅಂಚಿಗೆ ಹೋಗಿ ಹಿಂತಿರುಗಿ ನೋಡಿದೆ. ಚೇಟ ಬಂದಿರಲಿಲ್ಲ. ಮೇಲೆ ಹಲಸಿನ ಮರಕ್ಕೆ ಕೈ ಕೊಟ್ಟು ನಿಂತಿದ್ದರು.

"ಬನ್ನಿ ಚೇಟಾ."

"ಇಲ್ಲಿಂದಲೇ ಕಾಣ್ತದೆ ಮೇಡಂ."

ಗಾಡಿ ಇಲ್ಲ, ಪಂಪ್ ಇಲ್ಲ, ಬರೀ ನಡೆದು ಇಳಿಯುವ ದಾರಿ. ಆದರೂ ಅವರು ಇಳಿಯಲಿಲ್ಲ. ಮರದ ಮೇಲಿಟ್ಟ ಕೈ ಅಲ್ಲಿಂದ ಏಳಲಿಲ್ಲ. ನಾನು ಹತ್ತಿ ಬಂದು ಅವರ ಪಕ್ಕದಲ್ಲಿ ನಿಂತೆ.

"ಇಲ್ಲಿ ಎಂಥ ಆಯ್ತು ಚೇಟಾ?"

ಹೇಳತೊಡಗಿದಾಗ ಅವರ ದನಿ ತೀರ ಕೆಳಗಿತ್ತು.

"ನೀವು ಬರುವ ಮುಂಚಿನ ಬೇಸಿಗೆ. ನೀರು ಹೊಡೆದು ಮುಗೀತು. ಪಂಪ್ ಕಟ್ಟಿ ಮೇಲೆ ಬರ್ತಾ ಇದ್ದೆ. ಅರ್ಧ ಬಂದಾಗ ಮುಂದಿನ ಚಕ್ರ ಎರಡೂ ಎದ್ದಿತು. ಸ್ಟೇರಿಂಗ್ ತಿರುಗಿಸಿದ್ರೆ ಗಾಳಿ. ಆಕಾಶ ಕಾಣ್ತದೆ, ದಾರಿ ಕಾಣೂದಿಲ್ಲ. ಕ್ಲಚ್ ಒತ್ತಿದೆ. ಚಕ್ರ ಕೆಳಗೆ ಬಿತ್ತು, ಆದ್ರೆ ಗಾಡಿ ಹಿಂದೆ ಹೋಗ್ಲಿಕ್ಕೆ ಶುರು. ಬ್ರೇಕ್ ಹಿಡೀಲಿಲ್ಲ, ಮಣ್ಣು ಜಾರ್ತದಲ್ಲ. ನಾನು ಹಾರಿದೆ ಮೇಡಂ. ಗಾಡಿ ಹಿಂದೆ ಹೋಗಿ ಕೆಸರಿಗೆ ಕೂತು ನಿಂತಿತು. ಇಲ್ಲದಿದ್ರೆ ನೀರಿಗೆ."

"ನಿಮಗೆ ಪೆಟ್ಟಾಗಲಿಲ್ವ?"

"ಕೈ ತರಚಿತು, ಅಷ್ಟೇ. ತುಂಬ ಹೊತ್ತು ಇಲ್ಲಿ ಕೂತಿದ್ದೆ. ಮತ್ತೆ ಹೇಗೋ ಸ್ಟಾರ್ಟ್ ಮಾಡಿ ಪಂಪ್ ಬಿಚ್ಚಿ ಗಾಡಿ ಹತ್ತಿಸಿದೆ. ಪಂಪನ್ನು ಆಮೇಲೆ ಜನ ಎಳೆದ್ರು. ಲೋಡ್ ಜಾಸ್ತಿ, ಅದಕ್ಕೆ ಬಿಚ್ಚಿದೆ ಅಂತ ಹೇಳಿದೆ."

"ಯಾರಿಗೂ ಹೇಳಲಿಲ್ವ?"

"ಏನು ಹೇಳೂದು ಮೇಡಂ? ಡ್ರೈವರ್ ಹೆದರಿದ ಅಂತ ಗೊತ್ತಾದ್ರೆ ಮತ್ತೆ ಕೀ ಯಾರು ಕೊಡ್ತಾರೆ?"

ಹೊಸ ಟ್ರ್ಯಾಕ್ಟರಿನ ಮೇಲೆ ಅವರಿಗಿದ್ದ ಮೋಹದ ಅರ್ಥ ಆಗ ನನಗಾಯಿತು. ಅದರ ಮೆತ್ತನೆಯ ಸೀಟೂ ಅಲ್ಲ, ಪವರ್ ಸ್ಟೇರಿಂಗೂ ಅಲ್ಲ. ಹೊಸದನ್ನು ಓಡಿಸುವವನನ್ನು ಯಾರೂ ಈ ಇಳಿಜಾರಿಗೆ ಕಳಿಸಲಾರರು.

ಈಗ ನನ್ನ ಮುಂದೆ ಇದ್ದ ಸುಲಭದ ದಾರಿ ಒಂದು: ಕಿರಿಯವನನ್ನು ಒಪ್ಪಿಸಿ ಇಳಿಸುವುದು. ಗದರಿಸಿದ್ದರೆ ಅವನು ಒಪ್ಪುತ್ತಿದ್ದನೇನೋ. ಆದರೆ ಈ ಕಥೆ ಕೇಳಿದ ಮೇಲೆ, ನಡುವೆ ಕೊರಕಲು ಬಿದ್ದ ಆ ಮಣ್ಣನ್ನು ನೋಡಿದ ಮೇಲೆ, ಇನ್ನೊಬ್ಬನಿಗೆ ಹೋಗು ಎನ್ನುವ ಬಾಯಿ ನನಗೆ ಬರಲಿಲ್ಲ. ಮೊಗ್ಗು ಮುಂದಿನ ವರ್ಷವೂ ಬರುತ್ತದೆ.

"ಚೇಟಾ, ಇಲ್ಲಿಗೆ ಇನ್ನು ಯಾವ ಟ್ರ್ಯಾಕ್ಟರೂ ಇಳಿಯೂದು ಬೇಡ. ಏರಿಯ ಮೇಲೆ, ಈ ಸಮ ಜಾಗದಲ್ಲಿ ನಿಲ್ಲಿಸಿದ್ರೆ ನೀವು ಹಳೆಯದನ್ನು ತರ್ತೀರ?"

ಅವರು ಜಾಗ ನೋಡಿದರು, ನೀರು ನೋಡಿದರು. "ನಾನು ತರ್ತೇನೆ. ನೀರು ಇಷ್ಟು ಮೇಲೆ ಬರ್ತದಾ?"

ಅದು ನನಗೂ ಗೊತ್ತಿರಲಿಲ್ಲ. ಪಂಪ್ ನೀರನ್ನು ಕೆಳಗಿನಿಂದ ಹೀರುವುದಕ್ಕೆ ಒಂದು ಮಿತಿ ಇದೆ. ಎತ್ತರ ಹೆಚ್ಚಿದಷ್ಟೂ ಒತ್ತಡ ಇಳಿಯುತ್ತದೆ, ಮಿತಿ ದಾಟಿದರೆ ನೀರೇ ಏಳುವುದಿಲ್ಲ. ಮೇಸ್ತ್ರಿಯನ್ನು ಕರೆಸಿ ಬಿದಿರಿನ ಗಳ ಇಟ್ಟು ಅಳೆದೆವು. ಮಿತಿಯ ಒಳಗೇ ಇತ್ತು, ಅಂಚಿಗೆ. ನಮ್ಮಲ್ಲಿದ್ದ ದಪ್ಪ ಸಕ್ಷನ್ ಪೈಪ್ ಮಾತ್ರ ಅಲ್ಲಿಯ ತನಕ ಮುಟ್ಟುತ್ತಿರಲಿಲ್ಲ.

"ಗೋಣಿಕೊಪ್ಪಕ್ಕೆ ಹೋಗಬೇಕು ಭಾಯ್" ಎಂದೆ.

"ಗೋಣಿಕೊಪ್ಪಕ್ಕಾದ್ರೆ ಈಗಲೇ" ಎಂದರು ಭಾಯ್. ಆ ದಿನದವರೆಗೆ ಪೈಪ್ ತಾಗಿದರೆ ಜೀಪಿನ ಬಾಡಿ ಖರಾಬಾಗುತ್ತದೆ ಎನ್ನುತ್ತಿದ್ದವರು, ಹಗ್ಗ ಎತ್ತಿಕೊಂಡು ನಾನು ದುಡ್ಡು ಕೊಡುವ ಮೊದಲೇ ಜೀಪ್ ಸ್ಟಾರ್ಟ್ ಮಾಡಿದರು. ಸಂಜೆಯ ಹೊತ್ತಿಗೆ ಒಂದು ತುಂಡು ಪೈಪ್ ಸಿಕ್ಕಿತು. ಅಂಗಡಿಗಳಲ್ಲಿ ಎಲ್ಲ ಖಾಲಿ, ಅವರ ಭಾವನ ಗುಜರಿಯಲ್ಲಿ ಸಿಕ್ಕಿದ್ದು. ಅಳತೆ ಸರಿಯಾಗಿತ್ತು, ಜೋಡಿಸುವ ಕಪ್ಲಿಂಗ್ ಮಾತ್ರ ಹಳೆಯದು.

ಮರುದಿನ ಬೆಳಿಗ್ಗೆ ಚೇಟ ಹಳೆಯ ಟ್ರ್ಯಾಕ್ಟರನ್ನು ಪಂಪ್ ಸಮೇತ ಏರಿಯ ಮೇಲೆ ತಂದು ನಿಲ್ಲಿಸಿದರು. ಇಳಿಜಾರಿನ ಕಡೆಗೆ ಬೆನ್ನು ಬರದಂತೆ ಅಡ್ಡಕ್ಕೆ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟರು. ಸಕ್ಷನ್ ಪೈಪನ್ನು ನೀರಿಗೆ ಇಳಿಸಿ, ಕಸ ಹೋಗದಂತೆ ಅದರ ವಾಲ್ವಿನ ಬಾಯಿಗೆ ಬುಟ್ಟಿ ಕಟ್ಟಿ, ಮೇಲಿನಿಂದ ಕೊಡಗಟ್ಟಲೆ ನೀರು ಸುರಿದು ಪೈಪ್ ತುಂಬಿಸಿದೆವು. ಪಂಪ್ ತಿರುಗಿತು. ಒಂದಿಷ್ಟು ನೀರು ಉಗುಳಿ ಬುಸುಗುಟ್ಟಿ ಒಣಗಿತು. ಮತ್ತೆ ತುಂಬಿಸಿದೆವು, ಮತ್ತೆ ಉಗುಳಿತು. ಮಧ್ಯಾಹ್ನದ ತನಕ ಇದೇ. ಕೊಡ ಹೊತ್ತವರ ಬೆನ್ನೆಲ್ಲ ಒದ್ದೆ, ಕಾಫಿ ಗಿಡದ ಬುಡದಲ್ಲಿ ಮಾತ್ರ ಧೂಳು.

ಮೇಸ್ತ್ರಿ ಕೊಡ ಕೆಳಗಿಟ್ಟು, "ಇಳಿಜಾರಲ್ಲೇ ಇಳಿಸಿದ್ರೆ ಇಷ್ಟೊತ್ತಿಗೆ ಸ್ಪ್ರಿಂಕ್ಲರ್ ಜೆಟ್ ತಿರುಗ್ತಿತ್ತು ಮೇಡಂ" ಎಂದ.

ಚೇಟ ತಲೆ ತಗ್ಗಿಸಿದರು. ಅದು ನನಗೆ ಚುಚ್ಚಿತು.

"ಇಳಿಸೂದಿಲ್ಲ ಅಂತ ಹೇಳಿದ್ದು ನಾನು" ಎಂದೆ. ನಾನೆಣಿಸಿದ್ದಕ್ಕಿಂತ ಗಟ್ಟಿಯಾಗಿಯೇ ಬಂತು ಆ ಮಾತು. "ಎಲ್ಲೋ ಗಾಳಿ ಎಳೀತಾ ಉಂಟು. ಅದನ್ನು ಹುಡುಕುವ."

ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸಿದಾಗ ನಾವೆಲ್ಲ ಸೋಪಿನ ನೊರೆ ಹಚ್ಚಿ ನೋಡುತ್ತೇವಲ್ಲ, ಅದೇ ನೆನಪಾಯಿತು. ಲೈನ್‌ಮನೆಯಿಂದ ಬಟ್ಟೆ ಸೋಪು ತರಿಸಿ ನೊರೆ ಮಾಡಿ ಪ್ರತಿ ಜೋಡಣೆಗೂ ಬಳಿದೆ. ಭಾಯ್ ತಂದ ತುಂಡಿನ ಕಪ್ಲಿಂಗಿನ ಅಡಿಭಾಗದಲ್ಲಿ ನೊರೆ ಒಳಗೆ ಸೇರಿ ಮಾಯವಾಯಿತು. ಕಿರಿಯ ಡ್ರೈವರ್ ಆಗಷ್ಟೇ ಹೊಸ ಟ್ರ್ಯಾಕ್ಟರಿನಲ್ಲಿ ಪೈಪ್ ತಂದು ನಿಲ್ಲಿಸಿದ್ದ. ಅವನು ಹೋಗಿ ತನ್ನ ಟೂಲ್ ಬಾಕ್ಸಿನಿಂದ ಹಳೆಯ ಸೈಕಲ್ ಟ್ಯೂಬ್ ತಂದ. ಅದನ್ನು ಸೀಳಿ, ಗ್ರೀಸ್ ಹಚ್ಚಿ, ಕಪ್ಲಿಂಗಿನ ಸುತ್ತ ಬಿಗಿಯಾಗಿ ಸುತ್ತಿ ತಂತಿ ಹಾಕಿ ತಿರುಚಿದ. ಚೇಟ ಒಂದು ತುದಿ ಹಿಡಿದುಕೊಂಡರು. ಅವರಿಬ್ಬರೂ ಜಗಳವಿಲ್ಲದೆ ಒಂದೇ ವಸ್ತುವನ್ನು ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮತ್ತೆ ಕೊಡ, ಮತ್ತೆ ನೀರು. ಚೇಟ ಎಂಜಿನ್ನಿನ ವೇಗವನ್ನು ನಿಧಾನವಾಗಿ ಏರಿಸಿದರು. ಪೈಪ್ ಒಮ್ಮೆ ಹಾವಿನಂತೆ ಹೊರಳಿ ಬಿಗಿಯಾಯಿತು. ದೂರದಲ್ಲಿ, ಗಿಡಗಳ ಮೇಲಿನಿಂದ, ಮೊದಲ ಜೆಟ್ಟು ಕಟಕಟ ಎಂದು ತಿರುಗತೊಡಗಿತು. ಮೇಸ್ತ್ರಿ ಕೂಗು ಹಾಕಿದ. ನಾನು ಕೂಗಲಿಲ್ಲ. ನನ್ನ ಕಣ್ಣು ಪಂಪಿನ ಒತ್ತಡ ತೋರಿಸುವ ಗೇಜಿನ ಮೇಲಿತ್ತು. ಎಲ್ಲ ಜೆಟ್ಟುಗಳನ್ನೂ ಬಿಟ್ಟರೆ ಮುಳ್ಳು ಬಿದ್ದುಹೋಗುತ್ತಿತ್ತು. ಅರ್ಧದಷ್ಟನ್ನು ಮುಚ್ಚಿದರೆ ಮಾತ್ರ ನೀರು ಬೀಳಬೇಕಾದಷ್ಟು ದೂರ ಬೀಳುತ್ತಿತ್ತು.

ಅರ್ಧ ಜೆಟ್ಟು ಎಂದರೆ ದುಪ್ಪಟ್ಟು ಹೊತ್ತು. ಮೊಗ್ಗು ನಮಗೆ ಅಷ್ಟು ಹೊತ್ತು ಕೊಡುವುದಿಲ್ಲ. ಎಲ್ಲ ಕಡೆಗೂ ಸ್ವಲ್ಪ ಸ್ವಲ್ಪ ಹಾಯಿಸೋಣ ಎಂದ ಮೇಸ್ತ್ರಿ. ಹಾಗೆ ಮಾಡಿದರೆ ಆ ಸಂಜೆಯ ಮಳೆ ಮಾಡಿದ ಕೇಡನ್ನೇ ನಾವೂ ಮಾಡಿದಂತೆ. ಕೊಟ್ಟ ಜಾಗಕ್ಕೆ ತುಂಬ ಕೊಡಬೇಕು, ಕೊಡಲಾಗದ ಜಾಗವನ್ನು ಬಿಡಬೇಕು. ಯಾವುದನ್ನು ಬಿಡುವುದು? ಕಾಡಿನ ಅಂಚಿನಲ್ಲಿ, ದಿಣ್ಣೆಯ ಆಚೆ ಇಳಿಯುವ ಮೂಲೆಗೆ ಪೈಪ್ ಎಳೆಯಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕು. ಆ ಮೂಲೆಯನ್ನು ಬಿಟ್ಟೆ. ಅಲ್ಲಿನ ಗಿಡಗಳು ಆ ವರ್ಷ ಬೇರೆಲ್ಲೂ ಇಲ್ಲದಷ್ಟು ಮೊಗ್ಗು ಹೊತ್ತಿದ್ದವು.

ಆ ವಾರ ಪೂರ್ತಿ ನಾನು ಕೂತು ಉಂಡ ನೆನಪಿಲ್ಲ. ಕೈಯಲ್ಲಿ ತಟ್ಟೆ ಹಿಡಿದೇ ಎಂಜಿನ್ನಿನ ಸದ್ದಿಗೆ ಕಿವಿ ಕೊಡುತ್ತಿದ್ದೆ. ಟ್ಯೂಬ್ ಸುತ್ತಿದ್ದು ಸಡಿಲವಾಗಿ ಮತ್ತೆ ಮತ್ತೆ ಗಾಳಿ ಎಳೆಯಿತು, ಮತ್ತೆ ಮತ್ತೆ ಕೊಡ ಹೊತ್ತೆವು. ಚೇಟ ಬೆಳಿಗ್ಗೆ ಬಂದರೆ ಸಂಜೆಯ ತನಕ ಟ್ರ್ಯಾಕ್ಟರ್ ಬಿಟ್ಟು ಕದಲುತ್ತಿರಲಿಲ್ಲ. ಊಟಕ್ಕೆ ಹೋಗುವಾಗ ಯಾರಿಗೆ ಬಿಟ್ಟು ಹೋಗುವುದು ಎಂಬ ಮಾತು ಬಂದಾಗ ಕಿರಿಯವನು ತಾನಾಗಿ ಬಂದ.

"ಊಟದ ಹೊತ್ತಿಗೆ ಮಾತ್ರ ಕಣಪ್ಪ" ಎಂದು ಮೊದಲೇ ಷರತ್ತು ಹಾಕಿಯೇ ಕೂತ. ಸ್ವಲ್ಪ ಹೊತ್ತಿನ ಮೇಲೆ ನಾನು ನೋಡಿದಾಗ, ಅವನು ಆ ಸ್ಪ್ರಿಂಗ್ ಸೀಟಿನ ಮೇಲೆ ಗೋಣಿಚೀಲ ಮಡಚಿ ಹಾಕುತ್ತಿದ್ದ.

ಇಳಿಜಾರಿನ ಕಥೆಯನ್ನು ನಾನು ಅವನಿಗೂ ಹೇಳಲಿಲ್ಲ, ಮೇಸ್ತ್ರಿಗೂ ಹೇಳಲಿಲ್ಲ. ಕೊರಕಲು ಬಿದ್ದಿದೆ, ಅಪಾಯ, ಅಷ್ಟೇ ಎಂದೆ. ಅದು ಸುಳ್ಳೂ ಆಗಿರಲಿಲ್ಲ.

ಮೇಲಿನ ತೋಟ ಅರಳಿದ ಬೆಳಿಗ್ಗೆ ಓನರ್ ಆಂಟಿ ಕೋಲು ಹಿಡಿದು ನೋಡಲು ಬಂದರು. ಕೊಂಬೆ ಕೊಂಬೆಗೂ ಬಿಳಿ, ಜೇನುನೊಣದ ಗುಂಯ್‌ಗುಡುವಿಕೆಯಲ್ಲಿ ಮಾತೇ ಕೇಳಿಸದು. ಅವರ ಮುಖ ಅರಳಿತ್ತು. ದಿಣ್ಣೆ ಹತ್ತಿ ಆಚೆ ಕಂಡಾಗ ನಡಿಗೆ ನಿಂತಿತು. ಅಲ್ಲಿ ಬಿಳಿ ಇರಲಿಲ್ಲ. ಸಾಲು ಸಾಲಾಗಿ ಕೆಂಪು ಕಂದು ಬಣ್ಣದ ಮುರುಟಿದ ಮೊಗ್ಗು. ಚೇಟ ನಮ್ಮ ಹಿಂದೆ ಕೆಲವು ಹೆಜ್ಜೆ ದೂರದಲ್ಲಿದ್ದರು.

"ಇದು ಎಂಥ ಇದು? ಈ ಮೂಲೆಗೆ ಯಾಕೆ ನೀರು ಬರಲಿಲ್ಲ?"

"ನಾನೇ ಬಿಟ್ಟದ್ದು ಆಂಟಿ. ಎಲ್ಲ ಕಡೆಗೂ ಕೊಡ್ಲಿಕ್ಕೆ ಹೋದ್ರೆ ಎಲ್ಲವೂ ಹೋಗ್ತಿತ್ತು. ಇಳಿಜಾರಿಗೆ ಟ್ರ್ಯಾಕ್ಟರ್ ಇಳಿಸ್ಲಿಕ್ಕೆ ಆಗೂದಿಲ್ಲ, ಜೀವ ಹೋಗುವ ಜಾಗ ಅದು. ಮುಂದಿನ ಬೇಸಿಗೆಗೆ ಏರಿ ಮೇಲೆ ಎಂಜಿನ್ ಇಡಬೇಕು."

ಅವರು ಒಂದು ಕೊಂಬೆ ಎಳೆದು ಮುರುಟಿದ ಮೊಗ್ಗನ್ನು ಉಗುರಿನಿಂದ ಕೆರೆದು ನೋಡಿದರು. "ಮೊದಲೇ ಹೇಳಬಹುದಿತ್ತಲ್ಲ ಯಾರಾದ್ರೂ" ಎಂದರು. ಕೊಂಬೆ ಬಿಟ್ಟರು. ಹೂವಿದ್ದ ಕಡೆಗೆ ತಿರುಗಿ ನಡೆದರು.

ಚೇಟ ಮಾತ್ರ ಆ ಸಾಲಿನಲ್ಲೇ ಉಳಿದರು. ನಾನು ಹತ್ತಿರ ಹೋದಾಗ, "ನಾನು ಇಳಿದಿದ್ರೆ ಇದೂ ಅರಳ್ತಿತ್ತು ಮೇಡಂ" ಎಂದರು.

"ಇಳಿದಿದ್ರೆ ನೀವು ಇವತ್ತು ಇಲ್ಲಿ ನಿಲ್ಲದೆಯೂ ಇರಬಹುದಿತ್ತು. ನನಗೆ ಇಷ್ಟು ಹೂ ಸಾಕು."

ಸಾಕು ಎಂದೆ, ಆದರೆ ಆ ಮೂಲೆಯ ಹತ್ತಿರ ಹಾಯುವಾಗಲೆಲ್ಲ ನನ್ನ ಕಣ್ಣು ಈಗಲೂ ಆ ಗಿಡಗಳ ಮೇಲೆಯೇ ಬೀಳುತ್ತದೆ.

ಡ್ರೈವರುಗಳ ತಕರಾರು ಅಲ್ಲಿಗೆ ಮುಗಿಯಿತು ಎಂದರೆ ಯಾರೂ ನಂಬಲಾರರು. ಹೂವು ಉದುರಿದ ಮೇಲಿನ ಸೋಮವಾರ ಚೇಟ ಬಂದು, ಪಾಳಿ ಬೇಡ, ಹಳೆಯದು ತಮಗೇ ಇರಲಿ ಎಂದರು. ಕಿರಿಯವನಿಗೆ ಹೊಸದು ಖಾಯಂ ಆಯಿತು. ಎರಡು ವಾರ ಅದನ್ನು ಮದುವೆಗೆ ಹೊರಟ ಗಾಡಿಯಂತೆ ಒರೆಸಿ ಇಟ್ಟುಕೊಂಡ. ಆಮೇಲೆ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು, ತನಗೆ ಜೀಪಿನ ಲೈಸೆನ್ಸೂ ಇದೆ, ಭಾಯ್ ರಜೆ ಹಾಕಿದಾಗಲಾದರೂ ಗೋಣಿಕೊಪ್ಪಕ್ಕೆ ತಾನು ಹೋಗಬಹುದಲ್ಲ ಎಂದು ಕೇಳಿದ. ಅಂದಿನಿಂದ ಭಾಯ್ ರಜೆ ಹಾಕುವುದನ್ನೇ ಬಿಟ್ಟರು.

ಮಳೆಗಾಲ ಹಿಡಿದು, ಗಿಡ ನೆಡುವ ಕೆಲಸ ನಡೆಯುತ್ತಿದ್ದ ಒಂದು ದಿನ ಮೇಲಿನ ಕೆರೆಯ ಕಡೆ ಹೋದೆ. ಜಿಟಿಜಿಟಿ ಮಳೆ. ಏರಿಯ ಮೇಲೆ ಹಳೆಯ ಟ್ರ್ಯಾಕ್ಟರ್ ನಿಂತಿತ್ತು, ಟ್ರೈಲರಿನಲ್ಲಿ ತೋಟದ ನೆರಳಿಗೆ ನೆಡುವ ಸಿಲ್ವರ್ ಓಕ್ ಗಿಡಗಳು. ಇಳಿಜಾರಿನ ತಲೆಯಲ್ಲಿ ಚೇಟ ಒಬ್ಬರೇ ಗುದ್ದಲಿ ಹಿಡಿದು ಗುಂಡಿ ತೋಡುತ್ತಿದ್ದರು. ದಾರಿಯ ಈ ಬದಿಯಿಂದ ಆ ಬದಿಯ ತನಕ, ಒಂದು ಚಕ್ರವೂ ನುಸುಳದಷ್ಟು ಒತ್ತೊತ್ತಾಗಿ.

"ಇದು ಯಾರು ಹೇಳಿದ್ದು ಚೇಟಾ?"

"ಯಾರೂ ಹೇಳಲಿಲ್ಲ" ಎಂದು ಬೆನ್ನು ನೇರ ಮಾಡಿದರು. "ನಾಳೆ ನೀವಿಲ್ಲ, ನಾನಿಲ್ಲ. ಮತ್ತೊಬ್ಬ ಬರ್ತಾನೆ, ಅವನಿಗೆ ಹೇಳುವವರು ಯಾರು?"

ನಾನು ಕೊಡೆ ಮಡಚಿ ಬದಿಗಿಟ್ಟು, ಟ್ರೈಲರಿನಿಂದ ಗಿಡಗಳನ್ನು ಇಳಿಸಿ ಅವರ ಕೈಗೆ ಕೊಡತೊಡಗಿದೆ. ಕೊನೆಯ ಗುಂಡಿ ನೀರಿನ ಬದಿಯಲ್ಲಿ, ಇಳಿಜಾರಿನ ಒಳಗೆ ಸ್ವಲ್ಪ ಕೆಳಗಿತ್ತು. ಚೇಟ ಒಂದು ಕ್ಷಣ ತಡೆದರು. ಆಮೇಲೆ ಹಿಮ್ಮಡಿ ಊರಿ, ಬದಿಗೆ ತಿರುಗಿ, ಒಂದೊಂದೇ ಹೆಜ್ಜೆ ಇಳಿದು ಗಿಡ ಇಟ್ಟು, ಬುಡದ ಮಣ್ಣನ್ನು ಕಾಲಿನಿಂದ ಒತ್ತಿದರು.